ಕರ್ವೆ ಪುತ್ಥಳಿಯ ಎದುರು ಬಿದ್ದ ಏಟು

ಕೋಥರೂಡಿನಲ್ಲಿ ಮನೆ ಮಾಡಿ ಮೂವತ್ತು ವರ್ಷಕ್ಕೆ ಹತ್ತಿರ ಬಂತು. ಇಲ್ಲಿ ರಿಕ್ಷಾದವನಿಗೆ ‘ಕರ್ವೆ ಪುತಳಾ’ ಅಂದರೆ ಸಾಕು, ಬೇರೆ ಗುರುತು ಬೇಡ. ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಪುತ್ಥಳಿ ಇರುವ ಜಾಗ ಅದು. ದಿನಾ ಹಾದುಹೋಗಿ ಹಾದುಹೋಗಿ ಆ ಅಜ್ಜನನ್ನು ನೋಡುವುದನ್ನೇ ನಾವು ಬಿಟ್ಟಿದ್ದೇವೆ ಅನ್ನಿ. ಆದರೆ ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ ಅಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನೋಡಿದ್ದು ಮಾತ್ರ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಮೂವತ್ತರ ಆಸುಪಾಸಿನ ಗಂಡಸು, ಜೊತೆಗೆ ಒಬ್ಬ ಹೆಂಗಸು, ಅವಳ ಕೈ ಹಿಡಿದ ಪುಟ್ಟ ಹುಡುಗ. ಏನೋ ಮಾತಿಗೆ ಮಾತು ಬೆಳೆದು ಆತ ಅವಳ ಕೆನ್ನೆಗೆ ಹೊಡೆದ. ಆಮೇಲೆ ಇನ್ನೊಂದು. ಛತ್ರಿ ಕೆಳಗೆ ಬಿತ್ತು. ಸ್ಟಾಪಿನಲ್ಲಿ ಇಪ್ಪತ್ತು ಜನ ಇದ್ದೆವೇನೋ. ಕಾಲೇಜು ಹುಡುಗನೊಬ್ಬ ಎರಡು ಹೆಜ್ಜೆ ಮುಂದೆ ಹೋಗಿ “ಕಾಯ್ ಝಾಲಂ ಹೋ?” ಅಂತ ಕೇಳಿದ. ಆ ಗಂಡಸು ತಿರುಗಿಯೂ ನೋಡದೆ “ಮಾಝೀ ಬಾಯ್ಕೋ ಆಹೆ” ಅಂದ. ನನ್ನ ಹೆಂಡತಿ ಇವಳು, ಅಷ್ಟೇ. ಹುಡುಗ ಅದೇ ಎರಡು ಹೆಜ್ಜೆ ಹಿಂದೆ ಬಂದ. ನಾನಂತೂ ಆ ಎರಡು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಬಸ್ಸು ಬರುವ ದಿಕ್ಕಿಗೆ ನೋಡುತ್ತಾ ನಿಂತಿದ್ದೆ.

ಆಗ ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದ ಆಜಿ ಒಬ್ಬಳು ಎದ್ದು ಬಂದಳು. ಗಂಡಸಿನ ಕಡೆ ನೋಡಲೇ ಇಲ್ಲ. ನೇರವಾಗಿ ಆ ಹೆಂಗಸಿನ ಮುಂದೆ ನಿಂತು, ಛತ್ರಿ ಎತ್ತಿ ಕೊಟ್ಟು, “ಪೋರೀ, ತುಲಾ ಕುಠಂ ಜಾಯ್ಚಂಯ?” ಅಂತ ಕೇಳಿದಳು. ಮಗಾ, ನಿನಗೆ ಎಲ್ಲಿಗೆ ಹೋಗಬೇಕು? ಆಕೆ ಉತ್ತರ ಕೊಡಲಿಲ್ಲ. ಹೊಡೆತ ಮಾತ್ರ ನಿಂತಿತು. ಬಸ್ಸು ಬಂತು, ಮೂವರೂ ಹತ್ತಿ ಹೋದರು.

ಮನೆಗೆ ಬಂದು ಹೇಳಿದಾಗ ನನ್ನಾಕೆ ಕೇಳಿದ್ದು ಒಂದೇ, “ನೀವೇನ್ ಮಾಡಿದ್ರಿ?”

ನನ್ನ ಸಮಾಧಾನಕ್ಕೆ ಅಂತಲೇ ಓದಲು ಶುರು ಮಾಡಿದೆ. ಹಾಗೆ ಸಿಕ್ಕಿದ್ದು 1976ರಲ್ಲಿ ಅಮೆರಿಕದಲ್ಲಿ ಶಾಟ್‌ಲ್ಯಾಂಡ್ ಮತ್ತು ಸ್ಟ್ರಾ ಎಂಬ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗ. ನಟರನ್ನು ಇಟ್ಟು, ಗಂಡಸೊಬ್ಬ ಹೆಂಗಸಿನ ಮೇಲೆ ಕೈ ಮಾಡುವ ದೃಶ್ಯವನ್ನು ಏನೂ ತಿಳಿಯದ ಜನರ ಎದುರು ನಡೆಸಿದರು. ಹೆಂಗಸು “ನೀನು ಯಾರೋ ನನಗೆ ಗೊತ್ತಿಲ್ಲ” ಎಂದು ಕೂಗಿದಾಗ ನೂರರಲ್ಲಿ 65 ಜನ ಮಧ್ಯೆ ಬಂದರು. ಅದೇ ಹೆಂಗಸು “ನಿನ್ನನ್ನ ಯಾಕಾದರೂ ಮದುವೆಯಾದೆನೋ” ಎಂದು ಕೂಗಿದಾಗ ಬಂದವರು 19 ಜನ. ಹೊಡೆತ ಅದೇ, ಕೂಗಿನಲ್ಲಿ ಮದುವೆ ಎಂಬ ಮಾತು ಬಂತು ಅಷ್ಟೇ! ಅಮೆರಿಕದವರೂ ನಮ್ಮ ಹಾಗೇ ಅಂತ ಗೊತ್ತಾಗಿ ಸ್ವಲ್ಪ ಹಗುರ ಅನಿಸಿದ್ದು ನಿಜ. ಹಾಗೆ ಅನಿಸಿದ್ದಕ್ಕೆ ಆಮೇಲೆ ನಾಚಿಕೆಯೂ ಆಯಿತು.

ನಮ್ಮಲ್ಲಿ ಇದಕ್ಕೆ ಪ್ರಯೋಗವೇ ಬೇಕಿಲ್ಲ, ಗಾದೆ ಇದೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಆದರೆ ಗಾದೆ ಹೇಳುತ್ತಿದ್ದ ಓಣಿಯೇ ಹಾಗೆ ನಡೆದುಕೊಳ್ಳುತ್ತಿರಲಿಲ್ಲ ಅನ್ನುವುದು ನನ್ನ ನೆನಪು. ಬಾಗಲಕೋಟೆ ಕಡೆಯ ನಮ್ಮೂರಿನ ಓಣಿಯಲ್ಲಿ ಯಾರ ಮನೆಯಲ್ಲಾದರೂ ಹೊಡೆತದ ಸದ್ದು ಕೇಳಿದರೆ ಎದುರು ಮನೆಯ ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೇ ನುಗ್ಗುತ್ತಿದ್ದಳು. “ಏ ಬಿಡೋ ಆಕೀನ. ಇವತ್ತ ರಾತ್ರಿ ಇಕಿ ನಮ್ಮನ್ಯಾಗ ಮಲಕೋತಾಳ.” ಕರೆದುಕೊಂಡು ಬಂದು ಪಡಸಾಲೆಯಲ್ಲಿ ಚಾಪೆ ಹಾಸಿ, ರೊಟ್ಟಿ ಕೊಡುತ್ತಿದ್ದಳು. ಬೆಳಿಗ್ಗೆ “ಹೊಂದ್ಕೊಂಡ ಹೋಗಬೇಕವ್ವಾ” ಅಂತ ವಾಪಸ್ ಕಳಿಸುತ್ತಿದ್ದವಳೂ ಅವಳೇ. ಹಳೆಯದನ್ನೆಲ್ಲ ಹೊಗಳುವುದು ಬೇಡ. ಆದರೂ ಆ ಒಂದು ರಾತ್ರಿಯ ಚಾಪೆ ಇತ್ತಲ್ಲ, ಅದನ್ನು ನಮ್ಮ ಫ್ಲಾಟುಗಳಲ್ಲಿ ನಾನು ಕಂಡಿಲ್ಲ.

ಈ ವಿಷಯದಲ್ಲಿ ಪುಣೆಯ ಇತಿಹಾಸ ದೊಡ್ಡದು. ಇಲ್ಲಿ ಬಂದು ನೆಲೆಸಿದ ನಮಗೆ ಶನಿವಾರವಾಡಾ, ಬಾಜೀರಾವ್ ಕಥೆ ಗೊತ್ತು, ಇದು ಅಷ್ಟಾಗಿ ಗೊತ್ತಿಲ್ಲ.

1868ರ ಆಗಸ್ಟ್ 29ರಂದು ಸಾವಿತ್ರಿಬಾಯಿ ಫುಲೆ ತವರೂರು ನಾಯಗಾಂವ್‌ನಿಂದ ಪತಿ ಜ್ಯೋತಿಬಾಗೆ ಬರೆದ ಒಂದು ಪತ್ರ ಉಳಿದುಬಂದಿದೆ. ಪಂಚಾಂಗ ಹೇಳುತ್ತಾ ಊರೂರು ತಿರುಗುತ್ತಿದ್ದ ಗಣೇಶ ಎಂಬ ಬ್ರಾಹ್ಮಣ ಹುಡುಗ, ಶಾರ್ಜಾ ಎಂಬ ಮಹಾರ್ ಹುಡುಗಿ ಪ್ರೀತಿಸಿದ್ದರು. ಅವಳು ಆರು ತಿಂಗಳ ಬಸುರಿ. ಊರವರು ಇಬ್ಬರನ್ನೂ ಹಿಡಿದು ಬೀದಿಯಲ್ಲಿ ಮೆರವಣಿಗೆ ಮಾಡುತ್ತಾ ಕೊಲ್ಲಲು ಹೊರಟಿದ್ದರು. ಸುದ್ದಿ ತಿಳಿದ ಸಾವಿತ್ರಿಬಾಯಿ ಓಡಿಹೋಗಿ ನಡುವೆ ನಿಂತರು. ಇಲ್ಲಿ ಹೊಡೆಯುತ್ತಿದ್ದವನು ಗಂಡನಲ್ಲ, ಊರೇ ಹೊಡೆಯುತ್ತಿತ್ತು, ಆದ್ದರಿಂದ ನನ್ನ ಬಸ್ ಸ್ಟಾಪಿನ ಕಥೆಗೆ ಇದು ಪೂರ್ತಿ ಹೊಂದುವುದಿಲ್ಲ, ಒಪ್ಪುತ್ತೇನೆ. ಆದರೆ ಆ ತಾಯಿ ಮಾಡಿದ ಎರಡು ಕೆಲಸ ನೋಡಿ. ಧರ್ಮ, ಕರುಣೆ ಅಂತ ಉಪದೇಶ ಮಾಡಲು ಹೋಗಲಿಲ್ಲ, ಕೊಂದರೆ ಬ್ರಿಟಿಷ್ ಕಾನೂನಿನಲ್ಲಿ ನಿಮ್ಮ ಗತಿ ಏನಾಗುತ್ತದೆ ಅಂತ ಹೆದರಿಸಿದರು. ಜನ ತಣ್ಣಗಾದ ಮೇಲೂ ಇಬ್ಬರೂ ಊರು ಬಿಡಲೇಬೇಕು ಅಂತ ಹಟ ಹಿಡಿದಾಗ, ಇಬ್ಬರನ್ನೂ ಪುಣೆಗೆ, ಜ್ಯೋತಿಬಾ ಹತ್ತಿರ ಕಳಿಸಿದರು. ಬಿಡಿಸಿದ್ದು ಅರ್ಧ ಕೆಲಸ. ಇನ್ನರ್ಧ ಕಳಿಸಲು ಒಂದು ಮನೆ ಇದ್ದದ್ದು.

ಆ ಮನೆ ಆಗಲೇ ಇತ್ತು. ಬಸುರಿಯಾದ ವಿಧವೆಯರು ಮಾನಕ್ಕೆ ಹೆದರಿ ಕೂಸನ್ನು ಕೊಲ್ಲುವ, ಇಲ್ಲವೇ ತಾವೇ ಸಾಯುವ ಕಾಲದಲ್ಲಿ, 1863ರಲ್ಲೇ ಫುಲೆ ದಂಪತಿ ತಮ್ಮ ಮನೆಯಲ್ಲೇ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದಿದ್ದರು.

ಮುಂದಿನ ಹೆಸರು ನಮ್ಮ ಕಡೆಯದೇ. ಪಂಡಿತಾ ರಮಾಬಾಯಿಯನ್ನು ಮರಾಠಿಯವರು ತಮ್ಮವರು ಅನ್ನುತ್ತಾರೆ, ಅನ್ನಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ರಮಾಬಾಯಿ 1858ರಲ್ಲಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ, ಮಗಳಿಗೆ ಸಂಸ್ಕೃತ ಕಲಿಸಿದ್ದಕ್ಕೆ ಆ ತಂದೆ ಪಡಬಾರದ ಪಾಡು ಪಟ್ಟರು. ರಮಾಬಾಯಿ 1889ರ ಮಾರ್ಚಿನಲ್ಲಿ ಮುಂಬೈಯಲ್ಲಿ ಶಾರದಾ ಸದನ ಶುರು ಮಾಡಿ, ಮರುವರ್ಷ ಅದನ್ನು ಪುಣೆಗೆ ತಂದರು. ವಿಧವೆಯರಿಗೆ ಇರಲು ಜಾಗ, ಓದು, ಒಂದು ಕಸುಬು. ಅವರ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ. ಗೋದೂಬಾಯಿಯನ್ನು 1893ರಲ್ಲಿ ಮದುವೆಯಾದವರು ಯಾರು ಗೊತ್ತೇ? ನಮ್ಮ ಬಸ್ ಸ್ಟಾಪಿನ ಅಜ್ಜ, ಕರ್ವೆ! ಆ ಮದುವೆಗಾಗಿ ಅವರ ಊರು, ಕೊಂಕಣದ ಮುರುಡ, ಅವರಿಗೆ ಬಹಿಷ್ಕಾರ ಹಾಕಿತು.

ಅದೇ 1893ರಲ್ಲಿ ಶಾರದಾ ಸದನದಲ್ಲಿ ಮತಾಂತರದ ಗಲಾಟೆ ಎದ್ದಿತು. ರಮಾಬಾಯಿ ಕ್ರೈಸ್ತರಾಗಿದ್ದರು. ಹುಡುಗಿಯರು ಅವರ ಪ್ರಾರ್ಥನೆಯಲ್ಲಿ ಕೂರುತ್ತಾರೆ ಎಂದು ‘ಕೇಸರಿ’ ಬೆಂಕಿ ಕಾರಿತು, ರಾನಡೆ ಮತ್ತು ಭಾಂಡಾರ್ಕರ್ ಸಲಹಾ ಮಂಡಳಿ ಬಿಟ್ಟು ಬಂದರು, ಎಷ್ಟೋ ಪೋಷಕರು ಹುಡುಗಿಯರನ್ನು ಕರೆದುಕೊಂಡು ಹೋದರು. ಯಾರದು ಸರಿ ಅಂತ ಇಲ್ಲಿ ತೀರ್ಪು ಕೊಡಲು ನನಗೆ ಇಷ್ಟವಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸಣ್ಣ ವಿಷಯ. ಬೈದು ಸುಮ್ಮನಾದವರು ಬಹಳ ಜನ, ಇನ್ನೊಂದು ಮನೆ ಕಟ್ಟಿದವರು ಕರ್ವೆ. 1896ರಲ್ಲಿ ಅನಾಥ ಬಾಲಿಕಾಶ್ರಮ ಶುರುವಾಯಿತು, 1900ರಲ್ಲಿ ಊರಾಚೆಯ ಹಿಂಗಣೆಗೆ, ಒಂದು ಗುಡಿಸಲಿಗೆ ಹೋಯಿತು. ಕರ್ವೆ ಫರ್ಗ್ಯೂಸನ್ ಕಾಲೇಜಿನಲ್ಲಿ ಗಣಿತ ಹೇಳಿ ಮುಗಿಸಿ ಕೆಸರಿನಲ್ಲಿ ಅಲ್ಲಿಗೆ ನಡೆದು ಹೋಗುತ್ತಿದ್ದರು. ಆ ಹಿಂಗಣೆಯೇ ಈಗಿನ ಕರ್ವೆನಗರ, ನಮ್ಮ ಕೋಥರೂಡಿನ ಮಗ್ಗುಲು. ನಾವು ಟ್ರಾಫಿಕ್ಕಿಗೆ ಬೈಯುತ್ತಾ ಕೂರುವ ಕರ್ವೆ ರೋಡಿಗೆ ಆ ಹೆಸರು ಅವರದೇ.

ಇವರೆಲ್ಲ ವಿಧವೆಯರ ಕಷ್ಟಕ್ಕೆ ಬಾಗಿಲು ತೆರೆದರು. ಗಂಡ ಬದುಕಿರುವ ಹೆಂಗಸಿನ ಕಷ್ಟ ಮಾತ್ರ ಬಹಳ ಕಾಲ ‘ಮನೆ ವಿಷಯ’ವಾಗಿಯೇ ಉಳಿಯಿತು. ಎಳೆ ವಯಸ್ಸಿನಲ್ಲಿ ಆದ ಮದುವೆಯನ್ನು ಒಪ್ಪದೆ ಗಂಡನ ಮನೆಗೆ ಹೋಗಲಾರೆ ಎಂದ ಮುಂಬೈಯ ರಖಮಾಬಾಯಿಗೆ 1887ರಲ್ಲಿ ಕೋರ್ಟು, ಹೋಗು, ಇಲ್ಲವಾದರೆ ಆರು ತಿಂಗಳ ಜೈಲು ಅಂದಿತ್ತು. ಆಕೆ ಜೈಲೇ ಆಗಲಿ ಅಂದಳು, ಕಡೆಗೆ ರಾಜಿಯಾಗಿ ಬಿಡುಗಡೆ ಪಡೆದು, ಇಂಗ್ಲೆಂಡಿಗೆ ಹೋಗಿ ಡಾಕ್ಟರಾದಳು. ಅಂಥವರು ಎಷ್ಟು ಜನ ಸಿಕ್ಕಾರು?

ಪುಣೆ ಮತ್ತೆ ಬೆಚ್ಚಿಬಿದ್ದದ್ದು 1982ರ ಜೂನ್‌ನಲ್ಲಿ. ಮದುವೆಯಾಗಿ ನಾಲ್ಕೇ ತಿಂಗಳಾಗಿದ್ದ ಮಂಜುಶ್ರೀ ಸಾರ್ಡಾ ಗಂಡನ ಮನೆಯಲ್ಲಿ ವಿಷದಿಂದ ಸತ್ತಳು. ಕೆಳಗಿನ ಕೋರ್ಟು ಗಂಡನಿಗೆ ಮರಣದಂಡನೆ ಕೊಟ್ಟಿತು, ಹೈಕೋರ್ಟು ಎತ್ತಿಹಿಡಿಯಿತು, 1984ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಸಾಕ್ಷ್ಯ ಸಾಲದು, ಆತ್ಮಹತ್ಯೆಯೂ ಇರಬಹುದು ಎಂದು ಬಿಡುಗಡೆ ಮಾಡಿತು. ತೀರ್ಪು ತೀರ್ಪೇ, ಅದರ ಬಗ್ಗೆ ಮಾತಿಲ್ಲ. ಆ ಹುಡುಗಿ ಸೋದರಿಗೆ, ಗೆಳತಿಗೆ ತನ್ನ ಸಂಕಟ ಬರೆದ ಪತ್ರಗಳು ಕೋರ್ಟಿನ ಮುಂದೆ ಬಂದವು. ಬದುಕಿದ್ದಾಗ ಅವು ಅಂಚೆಯಲ್ಲಿ ಬಂದ ಮಾಮೂಲಿ ಕಾಗದಗಳು. ವಿದ್ಯಾ ಬಾಳ್ ಮತ್ತು ಗೆಳತಿಯರ ನಾರೀ ಸಮತಾ ಮಂಚ್ ಆಗ ‘ಮೀ ಏಕ ಮಂಜುಶ್ರೀ’, ಅಂದರೆ ನಾನೂ ಒಬ್ಬ ಮಂಜುಶ್ರೀ, ಎಂಬ ಪ್ರದರ್ಶನ ಮಾಡಿ ಊರೂರು ತಿರುಗಿಸಿತು. ಬೆಂಗಳೂರಿನಲ್ಲಿ 1979ರಿಂದ ‘ವಿಮೋಚನಾ’ ಇತ್ತು. ಇಂಥವರ ಕೂಗಿನ ಒತ್ತಡದಿಂದ 1983ರಲ್ಲಿ ದಂಡಸಂಹಿತೆಗೆ 498ಎ ಕಲಂ ಸೇರಿತು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಲ್ಲಿದೆ.

ದಾರಿಯಲ್ಲಿ ನಿಂತ ನನ್ನಂಥವನ ಬಗ್ಗೆ ಕಾನೂನು ಮಾತಾಡಿದ್ದು ಇನ್ನೂ ತಡವಾಗಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯಿದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಅದರ 4ನೇ ಕಲಂ ಓದಿ, ಒಂದೇ ಪುಟ. ಹಿಂಸೆ ನಡೆದಿದೆ, ನಡೆಯುತ್ತಿದೆ, ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಬರುವುದಿಲ್ಲ. ‘ಮನೆ ವಿಷಯ’ ಅನ್ನುವ ಗೋಡೆಗೆ ಕಾನೂನೇ ಒಂದು ಕಿಟಕಿ ಕೊರೆದಿತ್ತು, ಬಸ್ ಸ್ಟಾಪಿನಲ್ಲಿ ನಿಂತ ನನಗೆ ಗೊತ್ತಿರಲಿಲ್ಲ. ಅದೇ ಕಾಯಿದೆಯ 6ನೇ ಕಲಂ ಆಶ್ರಯ ಕೇಳಿದವಳಿಗೆ ಆಶ್ರಯಗೃಹ ಜಾಗ ಕೊಡಬೇಕು ಅನ್ನುತ್ತದೆ, 17ನೆಯದು ಆ ಮನೆಯಲ್ಲೇ ಇರುವ ಹಕ್ಕು ಅವಳಿಗಿದೆ ಅನ್ನುತ್ತದೆ. ಫುಲೆ, ರಮಾಬಾಯಿ, ಕರ್ವೆ ಸ್ವಂತ ಕೈಯಿಂದ ಮಾಡಿದ್ದನ್ನು ಕಾಯಿದೆ ನೂರು ವರ್ಷದ ನಂತರ ಕಾಗದದ ಮೇಲೆ ಬರೆಯಿತು.

ಕಾಗದದಾಚೆಯ ಲೆಕ್ಕವೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಮದುವೆಯಾದ ಹೆಂಗಸರು ಮಹಾರಾಷ್ಟ್ರದಲ್ಲಿ ಶೇ. 25.2, ನಮ್ಮ ಕರ್ನಾಟಕದಲ್ಲಿ ಶೇ. 44.4. ಇಲ್ಲಿ ಕೂತು ‘ನಮ್ಮ ಕಡೆ ಹಿಂಗಿಲ್ಲ’ ಅನ್ನುವ ಗೆಳೆಯರಿಗೆ ಈ ಅಂಕಿ ಹೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ. ಇಡೀ ದೇಶದಲ್ಲಿ ಹಿಂಸೆ ಕಂಡವರಲ್ಲಿ ಯಾರ ಹತ್ತಿರವಾದರೂ ಸಹಾಯ ಕೇಳಿದವರು ಶೇ. 14 ಮಾತ್ರ.

ಹಾಗಂತ ಯಾರೂ ಹೋಗಿ ಕಾಲರ್ ಹಿಡಿಯಿರಿ ಅಂತ ನಾನು ಹೇಳಲಾರೆ. 2011ರ ಅಕ್ಟೋಬರಿನಲ್ಲಿ ಮುಂಬೈಯ ಅಂಧೇರಿಯಲ್ಲಿ ಗೆಳತಿಯರನ್ನು ಪೀಡಿಸಿದವರನ್ನು ಎದುರಿಸಿದ ಕೀನನ್ ಮತ್ತು ರೂಬೆನ್ ಎಂಬ ಇಬ್ಬರು ಹುಡುಗರು ಜನರ ಎದುರೇ ಇರಿತಕ್ಕೆ ಒಳಗಾಗಿ ಪ್ರಾಣ ಕಳೆದುಕೊಂಡರು. ಇನ್ನೊಂದು ಭಯವೂ ಇದೆ. ಬೀದಿಯಲ್ಲಿ ಮರ್ಯಾದೆ ಹೋದ ಸಿಟ್ಟನ್ನು ಗಂಡ ಮನೆಯೊಳಗೆ ಹೋಗಿ ತೀರಿಸಿಕೊಳ್ಳುತ್ತಾನೆ. ಆ ಸೊಪ್ಪಿನ ಆಜಿಗೆ ಇದೆಲ್ಲ ಗೊತ್ತಿತ್ತು ಅಂತ ಕಾಣುತ್ತದೆ, ಅದಕ್ಕೇ ಗಂಡಸಿನ ತಂಟೆಗೇ ಹೋಗಲಿಲ್ಲ. 2008ರ ಆಗಸ್ಟಿನಲ್ಲಿ ಶುರುವಾದ ‘ಬೆಲ್ ಬಜಾವೋ’ ಜಾಹೀರಾತು ನೆನಪಿದೆಯೇ? ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿ ಹುಡುಗರು ಹೋಗಿ ಬೆಲ್ ಒತ್ತಿ, ಚೆಂಡು ಬಂತಾ ಅಂತ ಕೇಳುತ್ತಾರೆ. ಅಷ್ಟೇ. ಬೈಗುಳ ಇಲ್ಲ, ಭಾಷಣ ಇಲ್ಲ.

ಆ ಸಂಜೆಯಾದ ಎರಡು ವರ್ಷಕ್ಕೆ ನಮ್ಮ ಬಿಲ್ಡಿಂಗಿನಲ್ಲೇ, ನಮ್ಮ ಮೇಲಿನ ಮನೆಯಲ್ಲಿ ಸದ್ದು ಶುರುವಾಯಿತು. ಸೊಸೈಟಿಯ ಹಿರಿಯರೊಬ್ಬರಿಗೆ ಹೇಳಿದೆ. “ಬಿಲ್ಡಿಂಗಿಗೆ ಕೆಟ್ಟ ಹೆಸರು ಬರುತ್ತೆ ಸಾಹೇಬ್ರೆ” ಅಂದರು. ಮೂರನೇ ಸಲ ಸದ್ದಾದಾಗ ನನ್ನಾಕೆ ಬಟ್ಟಲು ಹಿಡಿದು ಮೇಲೆ ಹೋಗಿ ಬೆಲ್ ಒತ್ತಿದಳು. “ಹೆಪ್ಪಿಗೆ ಚೂರು ಮೊಸರು ಸಿಗುತ್ತಾ?” ನಾನು ಮೆಟ್ಟಿಲ ಮೇಲೆ ನಿಂತಿದ್ದೆ, ಈ ಸಲ ಚೀಲ ಇರಲಿಲ್ಲ. ಬಾಗಿಲು ತೆಗೆದವನೇ ಮೊಸರು ತಂದು ಕೊಟ್ಟ. ಆ ರಾತ್ರಿ ಸದ್ದು ನಿಂತಿತು. ಹೀಗೆ ನಾಲ್ಕಾರು ಸಲ ಮೊಸರು ಬಂತು.

ಒಂದು ಮಧ್ಯಾಹ್ನ ಆಕೆಯೇ ಕೆಳಗೆ ಬಂದು ಕೂತಳು. ನನ್ನಾಕೆ ಸೊಪ್ಪಿನ ಆಜಿಯ ಪ್ರಶ್ನೆಯನ್ನೇ ಕೇಳಿದಳು, ಎಲ್ಲಿಗೆ ಹೋಗಬೇಕು ಅಂತಿದ್ದೀಯಾ? ಆಕೆಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ. 181ಕ್ಕೆ ಫೋನ್ ಮಾಡಿ ಕೇಳಿ ಬರೆದುಕೊಂಡೆವು, ಸಂರಕ್ಷಣಾಧಿಕಾರಿಯ ಆಫೀಸು ಎಲ್ಲಿದೆ ಅಂತ ತಿಳಿದುಕೊಂಡೆವು. ನಾಲ್ಕು ರಾತ್ರಿ ನಮ್ಮ ಹಾಲಿನಲ್ಲಿ ಮಲಗಿದ್ದಳು, ಐದನೇ ದಿನ ಸೊಲ್ಲಾಪುರದಿಂದ ಅವಳ ಅಣ್ಣ ಬಂದ. ಆಮೇಲಿನದು ಅವಳ ವಿಷಯ, ಬರೆಯುವುದಿಲ್ಲ.

ಅವಳ ಗಂಡ ಮನೆ ಖಾಲಿ ಮಾಡುವ ತನಕ ಲಿಫ್ಟಿನಲ್ಲಿ ನನ್ನ ಜೊತೆ ಮಾತಾಡಲಿಲ್ಲ. ಆ ಹಿರಿಯರು ಇವತ್ತಿಗೂ ಸ್ವಲ್ಪ ದೂರವೇ. ಬಟ್ಟಲು ಮೇಲಿನ ಮನೆಯದು, ವಾಪಸ್ ಕೊಡುವುದು ಉಳಿದೇ ಹೋಯಿತು.