ಹೊಳೆಯೇರುವ ಮೀನಿಗೆ ದಾರಿ ಬೇಕು

ಮುಂಗಾರಿನ ಮೊದಲ ದೊಡ್ಡ ಮಳೆಗೆ ವರದಾ ನದಿ ಕೆಂಪಾಗಿ ಹರಿಯುವುದನ್ನು ಹಾನಗಲ್ಲ, ಸವಣೂರು ಸೀಮೆಯ ನೀವು ಕಂಡಿದ್ದೀರಿ. ಆ ಹೊಸ ನೀರಿಗೆ ಎದುರಾಗಿ ಮೊಟ್ಟೆ ತುಂಬಿದ ಮೀನುಗಳು ಮೇಲಕ್ಕೆ ಈಜುತ್ತವೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಸಂತಾನ ಬಿಡುತ್ತವೆ. ವರದೆ ಹುಟ್ಟುವ ಸಾಗರದ ಕಡೆಯವರು ಇವನ್ನು ‘ಹತ್ತುಮೀನು’ ಎನ್ನುತ್ತಾರೆ. ಕಾಲುವೆಯ ಬಾಯಿಗೆ ಬಿದಿರಿನ ಕೂಣಿ ಒಡ್ಡಿದರೆ ರಾತ್ರಿ ಕಳೆಯುವುದರೊಳಗೆ ಬುಟ್ಟಿ ತುಂಬುತ್ತದೆ. ಆದರೆ ಆ ಬುಟ್ಟಿಯಲ್ಲಿರುವುದು ಮುಂದಿನ ವರ್ಷದ ಮೀನು.

ಈ ನಷ್ಟವನ್ನು ಅಧಿಕಾರಿಗಳು ಗುರುತಿಸಿ ಒಂದೂವರೆ ಶತಮಾನ ಸಂದಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ 1870ರಲ್ಲಿ ಆ ಜಿಲ್ಲೆಯ ಮೀನುಗಳ ಕುರಿತು ವರದಿ ಬರೆದರು. 1873ರಲ್ಲಿ ಫ್ರಾನ್ಸಿಸ್ ಡೇ ಇಡೀ ದೇಶದ ಸಿಹಿನೀರಿನ ಮೀನುಗಾರಿಕೆಯನ್ನು ಪರಿಶೀಲಿಸಿ, ಸಣ್ಣ ಕಣ್ಣಿನ ಬಲೆಯೂ ಹರಿವಿಗೆ ಅಡ್ಡಲಾಗಿ ಹೂಡುವ ಕಟ್ಟೆಗಳೂ ಮೀನಿನ ಕುಲವನ್ನೇ ಕ್ಷೀಣಿಸುತ್ತಿವೆ ಎಂದು ಎಚ್ಚರಿಸಿದರು. ಕೊನೆಗೆ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದಿತು. ನೀರಿಗೆ ಸಿಡಿಮದ್ದು ಅಥವಾ ವಿಷ ಹಾಕುವವರಿಗೆ ಎರಡು ತಿಂಗಳವರೆಗೆ ಸೆರೆವಾಸ ಇಲ್ಲವೇ 200 ರೂಪಾಯಿವರೆಗೆ ದಂಡ ವಿಧಿಸಲು ಅದು ಅವಕಾಶ ನೀಡಿತು. ಬಲೆಯ ಕಣ್ಣಿನ ಅಳತೆಯನ್ನು ಗೊತ್ತುಪಡಿಸುವ ಅಧಿಕಾರ ಪ್ರಾಂತ ಸರಕಾರಗಳಿಗೆ ದೊರೆಯಿತು.

ಆದರೆ ಮೀನಿಗೆ ಗಡಿಯ ಅರಿವಿಲ್ಲ. ವರದೆಯ ಉಗಮ ಮೈಸೂರು ಸಂಸ್ಥಾನದಲ್ಲಿತ್ತು, ಹಾನಗಲ್ಲ ಹಾಗೂ ಇಂದಿನ ಶಿಗ್ಗಾಂವಿ, ಹಿರೇಕೆರೂರುಗಳ ನೆಲ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು, ಸವಣೂರು ನವಾಬರದಾಗಿತ್ತು. ಬ್ರಿಟಿಷ್ ಪ್ರಾಂತದ ಕಾಯ್ದೆ ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಮೈಸೂರು ತನ್ನದೇ ನಿಬಂಧನೆಯನ್ನು 1901ರಲ್ಲಿ ಮಾಡಿಕೊಂಡಿತು. ಹೀಗೆ ಒಂದೇ ಮೀನಿನ ಪಯಣಕ್ಕೆ ಹಲವು ಒಡೆಯರಿದ್ದರು.

1956ರ ಏಕೀಕರಣದಿಂದ ವರದೆ, ಧರ್ಮಾ, ಕುಮುದ್ವತಿಗಳೆಲ್ಲ ಒಂದೇ ರಾಜ್ಯದ ಆಡಳಿತಕ್ಕೆ ಬಂದವು. ಒಳನಾಡು ಮೀನುಗಾರಿಕೆಗಾಗಿಯೇ ಕರ್ನಾಟಕವು 1996ರ ಕಾಯ್ದೆಯನ್ನು ರೂಪಿಸಿತು. ಆದರೆ ಅಷ್ಟರಲ್ಲಿ ಬೇರೊಂದು ತಡೆ ಎದ್ದಿತ್ತು. ಈ ಹೊಳೆಗಳು ಸೇರುವ ತುಂಗಭದ್ರೆಗೆ ಹೊಸಪೇಟೆಯ ಬಳಿ 1953ರಲ್ಲಿ ಅಣೆಕಟ್ಟು ಮುಗಿದು, ಕೃಷ್ಣೆಯ ಕಡೆಯಿಂದ ಏರಿಬರುವ ಮೀನಿಗೆ ದಾಟಲಾರದ ಗೋಡೆಯಾಯಿತು. ಕೂಣಿ ಒಡ್ಡುವ ಬಡವನನ್ನು ಕಾಯ್ದೆ ಸುಲಭವಾಗಿ ಕಾಣುತ್ತದೆ. ಹೊಲಕ್ಕೆ ನೀರು, ಮನೆಗೆ ಬೆಳಕು ಪಡೆದ ನಾವೆಲ್ಲ ಕಟ್ಟಿದ ಗೋಡೆ ಅದರ ಕಣ್ಣಿಗೆ ಬೀಳುವುದಿಲ್ಲ.

ಹಾಗೆಂದು ನಿಯಮ ಬೇಡವೆನ್ನಲಾಗದು. ಕರಾವಳಿಯಲ್ಲಿ 1986ರ ಕಾಯ್ದೆಯಡಿ ಯಾಂತ್ರೀಕೃತ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದಡದಲ್ಲಿರುತ್ತವೆ. ಮೀನಿಗೆ ಬಿಡುವು ಕೊಟ್ಟರೆ ಮೀನುಗಾರನಿಗೂ ಬದುಕುಂಟು ಎಂಬುದೇ ಇದರ ಆಧಾರ. ಆ ದಿನಗಳಲ್ಲಿ ಅವನ ಒಲೆ ಉರಿಯುವುದು ಹೇಗೆ? 2020ರಲ್ಲಿ ಆರಂಭವಾದ ಮತ್ಸ್ಯಸಂಪದ ಯೋಜನೆಯು, ಮೀನುಗಾರ 1500 ರೂಪಾಯಿ ಉಳಿಸಿದರೆ ಸರಕಾರ 3000 ರೂಪಾಯಿ ಸೇರಿಸಿ ಕೊಡುವ ಏರ್ಪಾಡಿಗೆ ಅವಕಾಶ ಕಲ್ಪಿಸಿತು. ನಿಷೇಧದ ಜೊತೆಗೆ ಅನ್ನವೂ ಬರಬೇಕೆಂಬ ಈ ತಿಳಿವಳಿಕೆ ಹೊಳೆಯ ದಡಕ್ಕೂ ತಲುಪಬೇಕು.

ಈ ಮುಂಗಾರಿನಲ್ಲಿ ಸಂತೆಗೆ ಹೋದಾಗ ಮೊಟ್ಟೆ ತುಂಬಿದ ಹೊಳೆಮೀನು ನಿಮ್ಮ ಮುಂದೆ ಬಂದೀತು. ಕೊಳ್ಳದೆ ಮುಂದೆ ಸಾಗಿರಿ. ಆದರೆ ಮಾರುವವಳನ್ನು ದೂಷಿಸಬೇಡಿರಿ. ಆ ಎರಡು ತಿಂಗಳು ಆಕೆಯ ಮನೆ ಹೇಗೆ ನಡೆಯುತ್ತದೆಂದು ವಿಚಾರಿಸಿರಿ. ಮೀನಿನ ರಕ್ಷಣೆ ಆ ವಿಚಾರಣೆಯಿಂದಲೇ ಮೊದಲಾಗಬೇಕು.