ತಾಲೂಕಿನ ಕೌಂಟರಿನಲ್ಲಿ ಖಾಸಗಿತನದ ಕಾಯಿದೆ

ರಾಜ್ಯದಲ್ಲಿ ಆಧಾರ್ ನೋಂದಣಿಯ ಮೊದಲ ಪ್ರಯೋಗ ನಡೆದದ್ದು 2010ರಲ್ಲಿ, ಮೈಸೂರು ಮತ್ತು ತುಮಕೂರು ಜಿಲ್ಲೆಗಳಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ಜನ ಸಾಲು ನಿಂತು ಬೆರಳಚ್ಚು, ಕಣ್ಣಿನ ಗುರುತು ಕೊಡತೊಡಗಿದಾಗ ಆಧಾರ್‌ಗೆಂದು ಒಂದು ಕಾಯಿದೆಯೇ ಇರಲಿಲ್ಲ. ಅದು ಬಂದದ್ದು 2016ರಲ್ಲಿ. ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರಲ್ಲಿ ಸೇರಿಸಿದ 43ಎ ಕಲಮು ಕಂಪನಿಗಳನ್ನು ಹಿಡಿಯುತ್ತಿತ್ತು, ಸರ್ಕಾರವನ್ನಲ್ಲ. ಕೊಟ್ಟದ್ದು ಮೊದಲು, ಕಾವಲು ಆಮೇಲೆ. ಈ ಕ್ರಮ ಇಂದಿಗೂ ತಿರುಗಿಲ್ಲ ಎಂಬುದೇ ನನ್ನ ತಕರಾರು.

ಪ್ರಶ್ನೆ ಎತ್ತಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು 1954 ಮತ್ತು 1962ರ ತೀರ್ಪುಗಳನ್ನು ಮುಂದಿಟ್ಟು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿದರು. ಮರುವರ್ಷದ ತೀರ್ಪಿನಲ್ಲಿ ಆಧಾರ್ ಉಳಿಯಿತು. ಖಾಸಗಿ ಕಂಪನಿಗಳು ಅದನ್ನು ಕಡ್ಡಾಯವಾಗಿ ಕೇಳುವುದು ನಿಂತಿತು, ಕನಿಷ್ಠ ಕಾಗದದ ಮೇಲೆ. ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣರ ಸಮಿತಿ 2018ರಲ್ಲಿ ದತ್ತಾಂಶ ಸಂರಕ್ಷಣಾ ಮಸೂದೆಯ ಕರಡು ಕೊಟ್ಟಿತು. 2019ರ ಮಸೂದೆ ಸಂಸತ್ತಿಗೆ ಬಂದು 2022ರಲ್ಲಿ ವಾಪಸಾಯಿತು.

ಈ ನಡುವೆ ಕೋವಿಡ್ ಬಂತು. 2020ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಹೋಮ್ ಕ್ವಾರಂಟೈನಿನಲ್ಲಿದ್ದವರ ಮನೆ ವಿಳಾಸಗಳನ್ನೇ ಜಾಲತಾಣದಲ್ಲಿ ಹಾಕಿತು. ಮರುವರ್ಷ ಜನವರಿಯಲ್ಲಿ, ಆರೋಗ್ಯ ಸೇತು ಆ್ಯಪಿನ ಮಾಹಿತಿಯನ್ನು ಬಳಕೆದಾರರ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಹಂಚಕೂಡದೆಂದು ಕರ್ನಾಟಕ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಆಗಸ್ಟ್ 11ರಂದು. ನಿಯಮಗಳು ಬರಲು 2025ರ ನವೆಂಬರ್ ಆಯಿತು. ಮುಖ್ಯ ಕಲಮುಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ವಾಯಿದೆ, ಅಂದರೆ 2027ರ ಮೇ. ಕಾಯಿದೆಯ ಅಡಿಗಲ್ಲು ಸಮ್ಮತಿ. ನೋಟಿಸನ್ನು ಕನ್ನಡದಲ್ಲೂ ಓದುವ ಅವಕಾಶ ಕೊಡಬೇಕೆಂದಿರುವುದು ಒಳ್ಳೆಯದೇ. ಎಂಟನೇ ಪರಿಚ್ಛೇದದಲ್ಲಿರುವ ಭಾಷೆಗಳಿಗಷ್ಟೇ ಆ ಮಾತು, ಎಚ್.ಡಿ.ಕೋಟೆಯ ಹಾಡಿಗಳ ಜೇನುಕುರುಬರ ನುಡಿ ಆ ಪಟ್ಟಿಯಲ್ಲಿಲ್ಲ.

ಪಡಿತರಕ್ಕೆ ಹೆಬ್ಬೆಟ್ಟು ಒತ್ತುವವರಿಗೆ, ಗ್ರಾಮ ಒನ್‌ನಲ್ಲಿ ಗೃಹಲಕ್ಷ್ಮಿಗೆ ಅರ್ಜಿ ಹಾಕಿದವರಿಗೆ ‘ಒಲ್ಲೆ’ ಎನ್ನುವ ಆಯ್ಕೆ ಎಲ್ಲಿದೆ? ಕಾಯಿದೆಗೂ ಇದು ಗೊತ್ತು. ಹಿಂದೊಮ್ಮೆ ಒಪ್ಪಿದ್ದರೆ, ಇಲ್ಲವೇ ಸರ್ಕಾರ ಗೊತ್ತುಮಾಡಿದ ದಾಖಲೆಯಲ್ಲಿ ವಿವರ ಆಗಲೇ ಇದ್ದರೆ, ಸಬ್ಸಿಡಿಗೋ ಪ್ರಮಾಣಪತ್ರಕ್ಕೋ ಹೊಸ ಸಮ್ಮತಿ ಬೇಕಿಲ್ಲ ಎನ್ನುತ್ತದೆ ಏಳನೇ ಕಲಮು. ಹದಿನೇಳನೆಯದು ಇನ್ನೂ ದೂರ ಹೋಗಿ, ಭದ್ರತೆಯಂಥ ಕಾರಣ ಕೊಟ್ಟು ಸರ್ಕಾರಿ ಸಂಸ್ಥೆಗಳನ್ನೇ ಹೊರಗಿಡಲು ಕೇಂದ್ರಕ್ಕೆ ಅಧಿಕಾರ ಕೊಡುತ್ತದೆ.

ಸರ್ಕಾರದ ಕೈಗೆ ಕೊಟ್ಟ ಮಾಹಿತಿ ಸೋರುವ ಅಪಾಯ ಬರೀ ಊಹೆಯಲ್ಲ. 2023ರಲ್ಲಿ ನೋಂದಣಿ ಇಲಾಖೆಯ ಕಾವೇರಿ ತಾಣದಿಂದ ಕ್ರಯಪತ್ರಗಳನ್ನು ಇಳಿಸಿಕೊಂಡ ವಂಚಕರು ಅವುಗಳಲ್ಲಿದ್ದ ಬೆರಳಚ್ಚು, ಆಧಾರ್ ಸಂಖ್ಯೆ ಬಳಸಿ ಜನರ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಬಯಲಾದವು. ಓಟಿಪಿ ಬೇಡ, ಪಿನ್ ಬೇಡ. ಆಧಾರ್ ಮೂಲಕದ ಪಾವತಿಗೆ ಬೆರಳೇ ಸಾಕು. ಗುಪ್ತಪದ ಬದಲಿಸಬಹುದು, ಹೆಬ್ಬೆಟ್ಟು ಬದಲಿಸಲಾದೀತೆ? ಹೊಸ ಕಾಯಿದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೆ ಇದೆ, ಆದರೆ ಆ ಹಣ ಸರ್ಕಾರದ ಬೊಕ್ಕಸಕ್ಕೆ. ಹಾನಿಗೊಳಗಾದವರು ಕಂಪನಿಗಳಿಂದ ಪರಿಹಾರ ಕೇಳಲು ಇದ್ದ 43ಎ ಕೂಡ ರದ್ದಾಗಲಿದೆ. ಅಂಥವರ ಮಟ್ಟಿಗೆ ಇದು ಹಿನ್ನಡೆಯೇ.

ಇನ್ನೊಂದು ಜಗಳ ಮಾಹಿತಿ ಹಕ್ಕಿನದು. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ವೈಯಕ್ತಿಕ ಮಾಹಿತಿಯನ್ನಷ್ಟೇ ತಡೆಯುತ್ತಿದ್ದ ಮಾಹಿತಿ ಹಕ್ಕು ಕಾಯಿದೆಯ 8(1)(ಜೆ) ಕಲಮನ್ನು ಈ ಹೊಸ ಕಾಯಿದೆಯ ಮೂಲಕವೇ ತಿದ್ದಿ, ವೈಯಕ್ತಿಕ ಎನಿಸಿದ್ದನ್ನೆಲ್ಲ ತಡೆಯಬಹುದಾದ ಹಾಗೆ ಮಾಡಲಾಗಿದೆ. ಜನರ ರಕ್ಷಣೆಯ ಕಲಮುಗಳಿಗೆ ಹದಿನೆಂಟು ತಿಂಗಳ ವಾಯಿದೆ ಸಿಕ್ಕರೆ, ಈ ತಿದ್ದುಪಡಿ ಮಾತ್ರ 2025ರ ನವೆಂಬರಿನಲ್ಲೇ ಜಾರಿಗೆ ಬಂತು! ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿಯಲ್ಲಿ ಸುಳ್ಳು ಹೆಸರು ಹುಡುಕುವವರಿಗೆ ಹೆಸರೇ ಕಾಣದಿದ್ದರೆ ಸಾಮಾಜಿಕ ಪರಿಶೋಧನೆ ನಡೆಯುವುದು ಹೇಗೆ? ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆನ್ನುವ 8(2) ಉಳಿದಿದೆಯೆಂದು ಸರ್ಕಾರ ಹೇಳುತ್ತದೆ. ಅದನ್ನು ವಾದಿಸಿ ಗೆಲ್ಲುವ ಹೊರೆ ಅರ್ಜಿದಾರರ ಮೇಲೆ.

ವಾಯಿದೆ ಮುಗಿಯುವವರೆಗೆ ಕಾಯುವವರು ಎರಡು ಕೆಲಸ ಮಾಡಿಕೊಳ್ಳಲಿ: ಆಧಾರ್‌ನ ಬಯೋಮೆಟ್ರಿಕ್ ಲಾಕ್ ಹಾಕಿಡಲಿ, ಪಡಿತರಕ್ಕೆ ಹೋಗುವ ದಿನ ತೆಗೆದರಾಯಿತು. ಜೆರಾಕ್ಸ್ ಕೊಡಲೇಬೇಕಾದಲ್ಲಿ ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಪ್ರತಿಯನ್ನು, ಯಾವ ಕೆಲಸಕ್ಕೆಂದು ಅದರ ಮೇಲೇ ಬರೆದು ಕೊಡಲಿ.