ಬೆಳಕು, ದೂರ, ಭಾವ: ವಿ. ಕೆ. ಮೂರ್ತಿಯವರ ಛಾಯಾಗ್ರಹಣ ಕಲೆ

ನಾಟಕದ ಪ್ರೇಕ್ಷಕನಿಗೂ ಚಲಚ್ಚಿತ್ರದ ಪ್ರೇಕ್ಷಕನಿಗೂ ಇರುವ ಮೂಲಭೂತ ವ್ಯತ್ಯಾಸವು ಸ್ಥಾನಕ್ಕೆ ಸಂಬಂಧಿಸಿದುದು. ಬಯಲಾಟ ನೋಡಲು ಕುಳಿತವನು ಇರುಳೆಲ್ಲ ಒಂದೇ ಕಡೆಯಿಂದ, ಒಂದೇ ದೂರದಿಂದ ವೇಷವನ್ನು ಕಾಣುತ್ತಾನೆ. ಶೋಕವನ್ನಾಗಲಿ ರೌದ್ರವನ್ನಾಗಲಿ ಅವನವರೆಗೆ ಮುಟ್ಟಿಸುವ ಹೊಣೆ ಪಾತ್ರಧಾರಿಯ ಕಂಠಕ್ಕೂ ಅಭಿನಯಕ್ಕೂ ಸೇರಿದ್ದು. ಚಲಚ್ಚಿತ್ರದ ಪ್ರೇಕ್ಷಕನಾದರೋ ಕುರ್ಚಿಯಿಂದ ಏಳದಿದ್ದರೂ ಅವನ ಕಣ್ಣು ಕ್ಯಾಮೆರಾದೊಡನೆ ಸಂಚರಿಸುತ್ತದೆ. ಆದುದರಿಂದ ಅಲ್ಲಿ ಭಾವವನ್ನು ನಟನೊಬ್ಬನೇ ಉಂಟುಮಾಡುವುದಿಲ್ಲ. ನೋಡುವ ದೂರ, ಕೋನ, ಬೆಳಕು ಇವು ಮೂರೂ ಅವನೊಡನೆ ಅಭಿನಯಿಸುತ್ತವೆ.

ಈ ತಿಳಿವು ಒಮ್ಮೆಗೇ ದೊರೆತುದಲ್ಲ. ಲೂಮಿಯೇರ್ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿಯೂ, ಅವರ ಪ್ರತಿನಿಧಿಗಳು 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿಯೂ ತೋರಿಸಿದ ಚಿತ್ರಗಳಲ್ಲಿ ಕ್ಯಾಮೆರಾ ನೆಟ್ಟಲ್ಲಿಯೇ ನಿಂತಿತ್ತು. ದೃಶ್ಯವನ್ನು ದೂರ, ಮಧ್ಯಮ, ಸಮೀಪ ಎಂದು ಒಡೆದು ಜೋಡಿಸುವ ಕ್ರಮವು ಮುಂದಿನ ಎರಡು ದಶಕಗಳಲ್ಲಿ ರೂಢಿಗೆ ಬಂದಿತು. 1920ರ ಸುಮಾರಿಗೆ ರಷ್ಯದ ಕುಲೆಷೋವ್ ನಟನೊಬ್ಬನ ನಿರ್ವಿಕಾರವಾದ ಒಂದೇ ಮುಖವನ್ನು ಬೇರೆ ಬೇರೆ ವಸ್ತುಗಳ ಚಿತ್ರದೊಡನೆ ಜೋಡಿಸಿ ತೋರಿಸಿದಾಗ, ನೋಡಿದವರು ಆ ಮುಖದಲ್ಲಿಯೇ ಹಸಿವನ್ನೂ ದುಃಖವನ್ನೂ ಕಂಡರೆಂಬ ವೃತ್ತಾಂತವು ಪ್ರಸಿದ್ಧವಾಗಿದೆ. ಕೆಳಗಿನಿಂದ ನೋಡಿದರೆ ವ್ಯಕ್ತಿ ದೊಡ್ಡವನಾಗಿ ಕಾಣುವನೆಂಬುದು ಕೋನದ ವಿಷಯದಲ್ಲಿ ಸಾಮಾನ್ಯ ಸೂತ್ರ. ಆದರೆ 1941ರ ‘ಸಿಟಿಜನ್ ಕೇನ್’ ಚಿತ್ರದಲ್ಲಿ ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ನೆಲವನ್ನು ಅಗೆಸಿ, ಅಷ್ಟು ಕೆಳಗಿನಿಂದ ತೋರಿಸಿದ್ದು ಚುನಾವಣೆಯಲ್ಲಿ ಸೋತ ನಾಯಕನನ್ನು. ದೇಹ ದೊಡ್ಡದಾದಷ್ಟೂ ಸೋಲು ಭಾರವಾಗಿ ತೋರುತ್ತದೆ. ಕೋನಕ್ಕೆ ನಿಘಂಟಿನ ಅರ್ಥವಿಲ್ಲ. ಸಂದರ್ಭವೇ ಅದಕ್ಕೆ ಅರ್ಥ ಕೊಡುತ್ತದೆ.

ಈ ವಿದ್ಯೆಯನ್ನು ಹಿಂದೀ ಚಿತ್ರಕ್ಕೆ ಮನೋಜ್ಞವಾಗಿ ಒಗ್ಗಿಸಿದವರಲ್ಲಿ ಕನ್ನಡಿಗರೊಬ್ಬರು ಅಗ್ರಗಣ್ಯರು. 1923ರಲ್ಲಿ ಮೈಸೂರಿನಲ್ಲಿ ಜನಿಸಿದ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ವಿದ್ಯಾಸಂಸ್ಥೆಯಲ್ಲಿ ಛಾಯಾಗ್ರಹಣವನ್ನು ಕಲಿತು 1946ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿಗೆ ಬಂದರು. ಗುರುದತ್ತರು ನಿರ್ದೇಶಿಸಿದ ಮೊದಲ ಚಿತ್ರ ‘ಬಾಜಿ’ಯಲ್ಲಿ (1951) ಸಹಾಯಕರಾಗಿದ್ದ ಅವರು ‘ಜಾಲ್’ (1952) ಚಿತ್ರದಲ್ಲಿ ಸ್ವತಂತ್ರ ಛಾಯಾಗ್ರಾಹಕರಾದರು. ಗುರುದತ್ತರೂ 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರೆಂಬುದು ಇಲ್ಲಿ ಸ್ಮರಣೀಯ.

‘ಪ್ಯಾಸಾ’ (1957) ಚಿತ್ರದಲ್ಲಿ, ಸತ್ತನೆಂದು ಲೋಕವು ನಂಬಿದ ಕವಿಯು ತನ್ನದೇ ಸ್ಮಾರಕ ಸಭೆಯ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಬೆಳಕು ಬೆನ್ನ ಹಿಂದಿನದು, ಮುಖ ಕತ್ತಲೆ, ಚಾಚಿದ ತೋಳುಗಳು ಬಾಗಿಲ ಚೌಕಟ್ಟಿನಲ್ಲಿ ಶಿಲುಬೆಯನ್ನು ನೆನಪಿಗೆ ತರುತ್ತವೆ. ಮುಖವನ್ನು ಮರೆಮಾಡಿಯೇ ಇಲ್ಲಿ ಭಾವವನ್ನು ಹೇಳಲಾಗಿದೆ.

ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ‘ಕಾಗಜ್ ಕೆ ಫೂಲ್’ (1959) ಹೊಸ ಸಮಸ್ಯೆಯೊಂದನ್ನು ಒಡ್ಡಿತು. ಎತ್ತರಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಅಗಲದ ತೆರೆಯಲ್ಲಿ ಒಬ್ಬನೇ ಮನುಷ್ಯನನ್ನು ನಿಲ್ಲಿಸಿದರೆ ಉಳಿದ ಜಾಗ ಬರಿದಾಗುತ್ತದೆ. ಮೂರ್ತಿಯವರು ಆ ಬರಿದನ್ನೇ ಏಕಾಂತದ ಭಾಷೆಯಾಗಿಸಿದರು. ಬರಿದಾದ ಸ್ಟುಡಿಯೋದಲ್ಲಿ ನಿರ್ದೇಶಕನೂ ನಟಿಯೂ ದೂರ ದೂರ ನಿಂತಿರುವ ಗೀತದೃಶ್ಯಕ್ಕಾಗಿ ಅವರು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿ, ಮೇಲಿನಿಂದ ಓರೆಯಾಗಿ ಇಳಿಯುವ ಬೆಳಕಿನ ಕೋಲೊಂದನ್ನು ಪಡೆದರು. ಪಾತ್ರಗಳು ತುಟಿಯಾಡಿಸುವುದಿಲ್ಲ, ಹಾಡು ಹಿನ್ನೆಲೆಯಲ್ಲಿ ಕೇಳಿಬರುತ್ತದೆ. ಇಬ್ಬರ ನಡುವಿನ ಅಂತರವನ್ನು ಬೆಳಕು ಅಳೆದು ತೋರಿಸುತ್ತದೆ. ಚಿತ್ರವು ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಅದರ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಸಂದಿತು.

‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಚಿತ್ರದಲ್ಲಿ ಹಳ್ಳಿಯ ಯುವಕನು ಹವೇಲಿಯ ಕಿರಿಯ ಸೊಸೆಯನ್ನು ಮೊದಲು ಕಾಣುವ ಸಂದರ್ಭವು ಕೋನದ ಔಚಿತ್ಯಕ್ಕೆ ಉತ್ತಮ ನಿದರ್ಶನ. ಸಂಕೋಚದಿಂದ ಅವನು ತಲೆ ಬಾಗಿಸಿದ್ದಾನೆ. ಆದಕಾರಣ ನಮಗೂ ಮೊದಲು ಕಾಣುವುದು ಅವಳ ಪಾದಗಳು ಮಾತ್ರ. ಅವನು ಕಣ್ಣೆತ್ತಿದಾಗಲೇ ಅವಳ ಮುಖವು ತೆರೆಯನ್ನು ತುಂಬುತ್ತದೆ. ಭಯದಿಂದ ಬೆರಗಿಗೆ ಸಾಗುವ ಅವನ ಮನಸ್ಸು ಒಂದು ಮಾತೂ ಇಲ್ಲದೆ ಪ್ರೇಕ್ಷಕನದಾಗುತ್ತದೆ.

ಹೊರನಾಡ ಕನ್ನಡಿಗರ ಚರಿತ್ರೆಯನ್ನು ಬರೆಯುವವರು ಪುಸ್ತಕ, ಪತ್ರಿಕೆ, ಸಂಘ, ಶಾಲೆಗಳನ್ನು ಲೆಕ್ಕಕ್ಕೆ ಹಿಡಿಯುವುದುಂಟು. ಬೆಳಕಿನಲ್ಲಿ ಬರೆದವರನ್ನು ಹಿಡಿಯುವುದು ವಿರಳ. ಚಿತ್ರದ ಮಾತು ಹಿಂದಿಯಾದುದರಿಂದ ಅದರ ಕಣ್ಣು ಎಲ್ಲಿ ಶಿಕ್ಷಣ ಪಡೆಯಿತೆಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ಇಲ್ಲಿ ಒಂದು ಪರಂಪರೆಯೇ ಇದೆ. ಅದೇ ಬೆಂಗಳೂರಿನ ಸಂಸ್ಥೆಯಲ್ಲಿ 1962ರಲ್ಲಿ ಛಾಯಾಗ್ರಹಣದ ಶಿಕ್ಷಣ ಮುಗಿಸಿದ ಗೋವಿಂದ ನಿಹಲಾನಿಯವರು ಮೂರ್ತಿಯವರ ಸಹಾಯಕರಾಗಿದ್ದು, ಮುಂದೆ ತಾವೇ ನಿರ್ದೇಶಕರಾದರು. ಮೂರ್ತಿಯವರ ಕ್ಯಾಮೆರಾ ಕನ್ನಡಕ್ಕೂ ಮರಳಿತು. 1993ರ ‘ಹೂವು ಹಣ್ಣು’ ಅವರದೇ ಛಾಯಾಗ್ರಹಣ. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಅವರಿಗೆ ಸಂದಿತು. ಆ ಗೌರವಕ್ಕೆ ಪಾತ್ರರಾದ ಮೊದಲ ಛಾಯಾಗ್ರಾಹಕರು ಅವರೇ. 2014ರಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು.

ನುಡಿಯಿಲ್ಲದ ಕೊಡುಗೆಗೆ ನಾಡಿಲ್ಲವೆಂದು ಬಗೆಯುವುದು ಸಲ್ಲದು. ನಟನ ಹೆಸರನ್ನೂ ಹಾಡಿದವರ ಹೆಸರನ್ನೂ ಜನ ನೆನೆಯುತ್ತಾರೆ. ಆ ಮುಖವನ್ನು ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ ನೋಡಬೇಕೆಂದು ನಿರ್ಧರಿಸಿದವರ ಹೆಸರನ್ನು ಉಳಿಸಿಕೊಳ್ಳುವುದು ಚರಿತ್ರಕಾರರ ಕರ್ತವ್ಯ.